ತಪ್ಪು ಗಾಳಿಯದು

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಟ್ಟಡದ ಸೈಟಿನ ಕಚೇರಿಯಾಗಿದ್ದ ತಗಡಿನ ಕ್ಯಾಬಿನ್ನಿನ ಬಾಗಿಲು ತೆಗೆದ ವೆಂಗ್, ದೀಪ ಹಾಕುವುದಕ್ಕೂ ಮುಂಚೆ ಮೇಜಿನ ಮೇಲಿದ್ದ ಗಾಳಿಮಾಪಕವನ್ನು ನೋಡಿದ. ಅಂಗೈಯಗಲದ ಬಿಳಿ ಡಬ್ಬಿ. ಅದರ ಮುಖದ ಮೇಲೆ ನಾನೂರ ಮೂವತ್ತು ಎಂಬ ಅಂಕಿ, ಪಕ್ಕದಲ್ಲಿ ಹಸಿರು ದೀಪ. ಮನುಷ್ಯರು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ನಿಂತಿದೆ ಎಂದು ಅದು ಹೇಳುತ್ತದೆ. ಸಾವಿರ ದಾಟಿದರೆ ಹಳದಿ, ಎರಡು ಸಾವಿರ ದಾಟಿದರೆ ಕೆಂಪು. ಖಾಲಿ ಬಿದ್ದಿದ್ದ ಕೋಣೆಯ ಗಾಳಿ ಚೆನ್ನಾಗಿದ್ದರೆ ಅದರಲ್ಲಿ ಯಾರ ಹೆಗ್ಗಳಿಕೆಯೂ ಇಲ್ಲ ಎನ್ನುವುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಪರೀಕ್ಷೆಗೆ ಕೂರುವ ಮುಂಚೆಯೇ ಪಾಸಾದವನ ಹಾಗೆ ಒಳಗೊಳಗೇ ಖುಷಿಪಟ್ಟ. ಗೋಡೆಯ ಮೇಲೆ ಶುಕ್ರವಾರ ಕೂರಿಸಿದ ಯಂತ್ರ ಮೆಲ್ಲಗೆ ಗುನುಗುತ್ತಿತ್ತು. ಕೆಳಗಿನ ಜಾಲರಿಯಿಂದ ಹಳಸಿದ ಗಾಳಿಯನ್ನು ಎಳೆದು ಹೊರಗೆ ದೂಡುವುದು, ಹೊರಗಿನದನ್ನು ಸೋಸಿ ಮೇಲಿನಿಂದ ಒಳಗೆ ಬಿಡುವುದು, ಅಷ್ಟೇ ಅದರ ಕೆಲಸ. ಇವತ್ತು ತೈಪೆಯ ಕೇಂದ್ರ ಕಚೇರಿಯಿಂದ ಉಪವ್ಯವಸ್ಥಾಪಕ ಮೋ ಬರುತ್ತಾರೆ. ತುಂಬಿದ ಸಭೆಯಲ್ಲೂ ಹಸಿರು ಹಸಿರಾಗಿಯೇ ಉಳಿದರೆ ಯಂತ್ರ ಉಳಿಯುತ್ತದೆ, ಕೆಲಸಗಾರರು ವಿಶ್ರಾಂತಿಗೆ ಬಂದು ಬೀಳುವ ಕ್ಯಾಬಿನ್ನುಗಳಿಗೂ ಒಂದೊಂದು ಬರುತ್ತದೆ. ಇಲ್ಲವಾದರೆ ಇದನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದ ಮಾತು. ವೆಂಗ್ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಬೇರೆ. ಅವತ್ತು ತಾನು ನಿದ್ದೆ ಹೋದದ್ದು ತನ್ನ ತಪ್ಪಲ್ಲ, ಗಾಳಿಯ ತಪ್ಪು ಎಂದು ಇವತ್ತು ಇಡೀ ಸೈಟಿಗೆ ಗೊತ್ತಾಗಬೇಕು.

ಅವತ್ತು ಎಂದರೆ ಹಿಂದಿನ ಸಲ ಮೋ ಬಂದಾಗ. ಇದೇ ಕ್ಯಾಬಿನ್, ಇದೇ ಮೇಜು. ಮುಚ್ಚಿದ ಕಿಟಕಿಗಳ ಒಳಗೆ ಹೆಗಲಿಗೆ ಹೆಗಲು ತಾಗಿಸಿ ಕೂತ ಜನ, ಒದ್ದೆ ಬೂಟು, ಹಂದಿಮಾಂಸದ ಊಟದ ಡಬ್ಬಿ, ಯಾರದೋ ಎಲೆಯಡಿಕೆ. ಸುರಕ್ಷತಾಧಿಕಾರಿ ಎಂದರೆ ಸೈಟಿನ ಕಣ್ಣು, ಕಣ್ಣು ಯಾವತ್ತೂ ಮುಚ್ಚಬಾರದು ಎಂದು ಮೋ ಹೇಳುತ್ತಿದ್ದದ್ದು ವೆಂಗನಿಗೆ ಚೆನ್ನಾಗಿ ನೆನಪಿದೆ. ಅದರ ಮುಂದಿನದು ನೆನಪಿಲ್ಲ. 'ಏನಂತೀರಿ, ಸುರಕ್ಷತಾಧಿಕಾರಿಗಳೇ?' ಎಂದು ಮೋ ಕೇಳಿದರಂತೆ. ಅವನು ಗೊರಕೆಯಲ್ಲಿ ಉತ್ತರ ಕೊಟ್ಟನಂತೆ. ಮೋ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಫೋನು ತೆಗೆದು ಫೋಟೋ ಹೊಡೆದು, 'ನಮ್ಮ ಮಲಗಿದ ಬುದ್ಧ' ಎಂದು ಬರೆದು ಇಡೀ ಕಂಪನಿಯ ಗುಂಪಿಗೆ ಹಾಕಿಬಿಟ್ಟರು. ವೆಂಗ್ ಯಾವತ್ತೂ ಕಾಲಿಡದ ಊರುಗಳ ಸೈಟುಗಳಿಂದಲೂ ಕೈಮುಗಿದ ಚಿತ್ರಗಳು ಬಂದವು. ಈಗ ಗೇಟಿನಾಚೆ ಗಾಜಿನ ಗೂಡಿನಲ್ಲಿ ಕೂತು ಎಲೆಯಡಿಕೆ ಮಾರುವ ಹುಡುಗಿ ಕೂಡ 'ಬುದ್ಧಣ್ಣ, ಕಾಫಿ ಬೇಕಾ?' ಎಂದು ಕೇಳುತ್ತಾಳೆ. ಪಾಪ, ಅವಳು ಅದೇ ಅವನ ಹೆಸರೆಂದು ತಿಳಿದಿದ್ದಾಳೆ.

ಯಂತ್ರವೆಂದ ಮೇಲೆ ಪೊಟ್ಟಣ ಬೇಕಲ್ಲ. ವೆಂಗ್ ಚೀಲದಿಂದ ತೆಗೆದ. ತೆಂಗಿನ ರುಚಿಯ ಜೋಳದ ಕುರುಕಲಿನ ಹಸಿರು ಪೊಟ್ಟಣ, ಗಾಳಿ ತುಂಬಿ ಹೊಟ್ಟೆ ಉಬ್ಬಿಸಿಕೊಂಡದ್ದು. ಟವರ್ ಕ್ರೇನಿನ ಸನ್ನೆಗೋಲಿನ ಪಕ್ಕ, ಪ್ರಿಂಟರಿನ ತಲೆಯ ಮೇಲೆ, ಕಾಂಕ್ರೀಟ್ ಪಂಪಿನ ಗುಂಡಿಗಳ ಹತ್ತಿರ ಒಂದೊಂದು ಇದೆ. ಅದಿಲ್ಲದ ಯಂತ್ರವನ್ನು ಸೈಟಿನಲ್ಲಿ ಯಾರೂ ನಂಬುವುದಿಲ್ಲ. ಆ ತಿಂಡಿಯ ಹೆಸರೇ ಜಾಣಮರಿ ಎಂದು. ಯಂತ್ರವೂ ಜಾಣಮರಿಯಂತೆ ಹಠ ಮಾಡದೆ ಇರಲಿ ಎಂದು ಇಡುವುದು. ಹಸಿರೇ ಆಗಬೇಕು, ಹಳದಿಯೋ ಕೆಂಪೋ ಇಟ್ಟರೆ ಯಂತ್ರದಲ್ಲೂ ಅದೇ ಬಣ್ಣದ ದೀಪ ಹತ್ತಿಕೊಳ್ಳುತ್ತದೆ. ತಾರೀಖು ಮೀರಿರಬಾರದು. ಯಂತ್ರ ಓಡುವಾಗ ತೆಗೆಯಬಾರದು. ತಿನ್ನುವುದಂತೂ ಬಾಯಲ್ಲಿ ಆಡಬಾರದ ಮಾತು. ವೆಂಗ್ ತಾನು ಓದಿದವನೆಂದು, ಅಂಕಿಗಳನ್ನು ನಂಬುವವನೆಂದು ತಿಳಿದುಕೊಂಡವನು. ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ನಂಬದೆ ಇರುವುದು ಬೇರೆ, ಇಡದೆ ಇರುವುದು ಬೇರೆ. ಇಡದೆ, ನಾಳೆ ಏನಾದರೂ ಆದರೆ, ಇಟ್ಟಿದ್ದರೆ ಆಗುತ್ತಿರಲಿಲ್ಲವೇನೋ ಎಂದು ಕೊರಗುವವರು ಯಾರು? ತಾರೀಖು ಎರಡೆರಡು ಸಲ ನೋಡಿ, ಕೆಂಪು ದಾರದಿಂದ ಯಂತ್ರದ ಮೇಲಿನ ಕೊಕ್ಕೆಗೆ ಕಟ್ಟಿ, ಎದುರಿಗೆ ಅಂದವಾಗಿ ತೂಗಿಬಿಟ್ಟ. ಅಕ್ಕಪಕ್ಕ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಸಲ ತಲೆ ಬಾಗಿಸಿದ.

'ಏನ್ ಬುದ್ಧಪ್ಪಾ, ಯಂತ್ರಕ್ಕೆ ನಮಸ್ಕಾರ ಹಾಕ್ತಿದ್ಯಾ?'

ಆಜೂ ಅಕ್ಕ. ಕಚೇರಿಯ ಚಹಾ, ಹಾಜರಿ, ಊಟದ ಡಬ್ಬಿ, ಯಾರ ಮನೆಯಲ್ಲಿ ಯಾರಿಗೆ ಜಗಳ ಎಲ್ಲವನ್ನೂ ನೋಡಿಕೊಳ್ಳುವವಳು. ಬಾಗಿಲಲ್ಲಿ ನಿಂತು ಕೂದಲಿಂದ ಮರಳು ಕೊಡವಿಕೊಳ್ಳುತ್ತಿದ್ದಳು. ಅವಳ ಹಿಂದೆಯೇ ಗಾಳಿ ನುಗ್ಗಿ ಗೋಡೆಯ ನಕ್ಷೆಗಳನ್ನೆಲ್ಲ ಪಟಪಟ ಬಡಿಸಿತು.

'ಬಾಗ್ಲು ಹಾಕಕ್ಕ! ದಾರ ಸರಿ ಮಾಡ್ತಿದ್ದೆ ಅಷ್ಟೆ.'

'ಸರಿ ಮಾಡಪ್ಪ. ನಾನೇನೂ ನೋಡ್ಲಿಲ್ಲ. ಏನು, ರಾತ್ರಿ ನಿದ್ದೆ ಬಂತಾ? ಇಲ್ಲಾಂದ್ರೆ ಹೇಳು, ಇವತ್ತು ಸಭೆ ಇದೆ, ಅಲ್ಲೇ ಮುಗಿಸ್ಕೋಬಹುದು.'

ಶಿನ್‌ಚುವಿನಲ್ಲಿ, ಅಂದರೆ ಸೈಟಿರುವ ಈ ಊರಿನಲ್ಲಿ, ಚಳಿಗಾಲ ಹತ್ತಿರ ಬಂತೆಂದರೆ ಗಾಳಿಗೆ ಹುಚ್ಚು ಹಿಡಿಯುತ್ತದೆ. ಈ ಗಾಳಿಯನ್ನು ನೆಚ್ಚಿಯೇ ಬೆಟ್ಟದ ಕೆಳಗಿನ ಮನೆಗಳವರು ಪರ್ಸಿಮನ್ ಹಣ್ಣನ್ನೂ ಅಕ್ಕಿ ಶಾವಿಗೆಯನ್ನೂ ಒಣಗಿಸುವುದು. ಆದರೆ ಸೈಟಿನಲ್ಲಿ ಅದು ಒಣಗಿಸುವುದು ಮನುಷ್ಯರನ್ನು. ಹೊರಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳದಿದ್ದರೆ ಹೆಲ್ಮೆಟ್ಟು ಪಕ್ಕದ ಸೈಟಿನವರ ಪಾಲು. ಕಿಟಕಿ ಬೆರಳಷ್ಟು ತೆರೆದರೂ ಸಿಮೆಂಟಿನ ಧೂಳು ಚಹಾದ ಮೇಲೆ ಕೆನೆ ಕಟ್ಟುತ್ತದೆ. ಹಾಗಾಗಿ ಕಿಟಕಿಗಳಿಗೆ ಟೇಪು ಬಡಿದಿದ್ದಾರೆ. ಇಡೀ ದ್ವೀಪದಲ್ಲೇ ಗಾಳಿಗೆ ಹೆಸರಾದ ಊರಿನ ನಡುವೆ ಗಾಳಿಯಿಲ್ಲದ ಡಬ್ಬಿಯೊಂದನ್ನು ಮಾಡಿಕೊಂಡು, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಕೂರುತ್ತಾರೆ. ಹಿಂದಿನ ತಿಂಗಳು ವೆಂಗ್ ಈ ಮಾಪಕವನ್ನು ಹಿಡಿದು ಕೆಲಸಗಾರರ ಕ್ಯಾಬಿನ್ನಿಗೆ ಹೋಗಿದ್ದ. ಮಧ್ಯಾಹ್ನದ ಹೊತ್ತು. ರಟ್ಟಿನ ಮೇಲೆ ಸಾಲಾಗಿ ಮಲಗಿದ್ದ ಜನ, ಬಾಯಿ ತೆರೆದುಕೊಂಡು, ಒಬ್ಬನ ಕಾಲು ಇನ್ನೊಬ್ಬನ ತಲೆಯ ಹತ್ತಿರ. ಅಂಕಿ ಏರುತ್ತ ಏರುತ್ತ ಐದು ಸಾವಿರಕ್ಕೆ ಹೋಗಿ ನಿಂತುಬಿಟ್ಟಿತು. ಆಮೇಲೆ ಗೊತ್ತಾಯಿತು, ಅದು ನಿಂತದ್ದು ಗಾಳಿ ಸುಧಾರಿಸಿ ಅಲ್ಲ, ಮಾಪಕಕ್ಕೆ ಅದಕ್ಕಿಂತ ಮೇಲೆ ಎಣಿಸಲು ಬರುವುದಿಲ್ಲ. ಅವನು ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡು ಹೊರಗೆ ಬಂದ. ಬಂದವನು ಮೊದಲ ಯಂತ್ರವನ್ನು ಎಲ್ಲಿಗೆ ಕೇಳಿದ? ಕಚೇರಿಗೆ. ಅವರಿಗೂ ಆಮೇಲೆ ಬರುತ್ತದಲ್ಲ, ಮೊದಲು ದೊಡ್ಡವರಿಗೆ ಮನವರಿಕೆಯಾಗಲಿ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಗೊರಕೆ ಹೊಡೆದದ್ದು ಕಚೇರಿಯಲ್ಲಿ, ಮಾನ ಹೋದದ್ದು ಕಚೇರಿಯಲ್ಲಿ, ಅದಕ್ಕೇ ಯಂತ್ರವೂ ಕಚೇರಿಗೆ. ಅಲ್ಲಿ ಮಲಗಿದ್ದವರ ಎದುರಿಗೆ ಹಾದುಹೋಗುವಾಗ ಈಗಲೂ ಅವನು ತಲೆ ತಗ್ಗಿಸಿಕೊಂಡೇ ಹೋಗುತ್ತಾನೆ. ಅವರು ಬುದ್ಧನ ವಿನಯವೆಂದು ತಿಳಿದು ನಗುತ್ತಾರೆ.

ಹೆಂಡತಿಗೆ ಈ ಗಾಳಿಯ ಸಿದ್ಧಾಂತವನ್ನು ಅಂಕಿಗಳ ಸಮೇತ ವಿವರಿಸಿದ್ದ. ಅವಳು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡು, 'ಗಾಳಿಯಂತೆ ಗಾಳಿ. ನಮ್ಮ ಮದುವೆ ಊಟದಲ್ಲಿ ಮೀನಿನ ತಟ್ಟೆ ಬರೋದ್ರೊಳಗೆ ತೂಕಡಿಸ್ತಿದ್ರಿ. ಅದು ಬಯಲಲ್ಲಿ ಹಾಕಿದ್ದ ಚಪ್ಪರ ಕಣ್ರೀ' ಎಂದಿದ್ದಳು. ಚಪ್ಪರದಲ್ಲಿ ಅಡುಗೆ ಒಲೆಗಳ ಹೊಗೆ ಇತ್ತು ಎಂದು ಅವನು ಹೇಳಿದ. ಅವಳು ಸೊಪ್ಪಿನ ಕಡೆ ನೋಡಿದಳು. ಇನ್ನೊಂದು ವಿಷಯವನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಕೊನೆಯ ವಾರ ಪಕ್ಕದ ಕುರ್ಚಿಯಲ್ಲಿ ಕಾವಲಿಗಿದ್ದವನು ಅವನು. ಅಪ್ಪ ನೀರು ಕೇಳಿದ್ದು ಅವನಿಗೆ ಕೇಳಿಸಲಿಲ್ಲ. ಎಚ್ಚರವಾದಾಗ ನರ್ಸು ಚಮಚದಲ್ಲಿ ನೀರು ಬಿಡುತ್ತಿದ್ದಳು. 'ನಿಮ್ಮನ್ನ ಎಬ್ಬಿಸೋಕೆ ಹೋದೆ, ಅವರೇ ಬೇಡ ಅಂದ್ರು. ಮಲಗಲಿ ಬಿಡು, ದಣಿದಿದ್ದಾನೆ ಅಂದ್ರು' ಎಂದಳು. ಅವನು ದಣಿದಿರಲಿಲ್ಲ. ಆ ವಾರವೆಲ್ಲ ಕೂತದ್ದು ಬಿಟ್ಟರೆ ಬೇರೆ ಕೆಲಸವನ್ನೇ ಮಾಡಿರಲಿಲ್ಲ. ಆ ವಾರ್ಡಿನ ಕಿಟಕಿಗಳು ತೆರೆಯುವಂಥವಾಗಿರಲಿಲ್ಲ ಎನ್ನುವುದು ಅವನಿಗೆ ಈಚೆಗೆ ಹೊಳೆದಿದೆ. ಹೊಳೆದಾಗಿನಿಂದ ಎದೆಯ ಮೇಲಿನ ಭಾರ ಸ್ವಲ್ಪ ಪಕ್ಕಕ್ಕೆ ಸರಿದಂತಾಗಿದೆ. ಹಾಗಾಗಿಯೇ ಈ ಹಸಿರು ದೀಪದ ಮೇಲೆ ಅವನಿಗೆ ಇಷ್ಟು ಆಸೆ.

ಮೋ ಅವರ ಕಾರು ಗೇಟಿಗೆ ಬಂದದ್ದು ಕಂಡಕೂಡಲೇ ವೆಂಗ್ ಯಂತ್ರದ ವೇಗವನ್ನು ಪೂರ್ತಿ ಏರಿಸಿದ. ಮುಖ್ಯಸ್ಥ ಟಾಂಗ್ ಬಾಗಿಲಿಗೆ ಓಡಿದರು. ಟಾಂಗ್ ಈ ಸೈಟಿನ ದೊರೆ. ತೈಪೆಯವರು ಬಂದಾಗ ಮಾತ್ರ ದೊರೆಯ ಬೆನ್ನು ತಾನಾಗಿ ಬಾಗಿಕೊಳ್ಳುತ್ತದೆ. ಮೋ ಒಳಗೆ ಬಂದರು. ದುಂಡಗಿನ ಭಾರಿ ಶರೀರ, ಉಸಿರಾಟದಲ್ಲೂ ಅಧಿಕಾರ. ಕುರ್ಚಿಯನ್ನು ತುಂಬಿಕೊಂಡು ಸುತ್ತ ನೋಡಿ, ವೆಂಗನ ಮೇಲೆ ಕಣ್ಣಿಟ್ಟು, 'ಏನಪ್ಪಾ ಬುದ್ಧ, ಎದ್ದಿದೀಯಾ?' ಎಂದರು. ಎಲ್ಲರೂ ನಕ್ಕರು. ಟಾಂಗ್ ಸ್ವಲ್ಪ ಹೆಚ್ಚು ಹೊತ್ತು ನಕ್ಕರು. ತಾನೂ ನಕ್ಕದ್ದು ವೆಂಗನಿಗೆ ಆಮೇಲೆ ತಿಳಿಯಿತು. ತನ್ನ ಮುಖದ ಮೇಲೆ ಆ ನಗು ಹೇಗೆ ಬಂದು ಕೂತಿತು ಎಂದು ಯೋಚಿಸುತ್ತ, ಅದನ್ನು ಯಾವಾಗ ಇಳಿಸಬೇಕೆಂದು ತೋಚದೆ, ಹಲ್ಲು ಕಿರಿದುಕೊಂಡೇ ಅವನು ಮಾಪಕವನ್ನು ಮೋ ಅವರ ಮುಂದಕ್ಕೆ ತಳ್ಳಿದ. 'ನೋಡಿ ಸಾರ್, ಐನೂರ ಹತ್ತು. ಸಭೆ ಮುಗಿಯೋವರೆಗೂ ಹೀಗೇ ಇರುತ್ತೆ.'

'ನೋಡೋಣ, ನೋಡೋಣ' ಎಂದರು ಮೋ.

ಸಭೆ ಶುರುವಾಯಿತು. ಕಬ್ಬಿಣ ಕಟ್ಟುವವರ ಮೇಸ್ತ್ರಿ ಲಾನ್, ಪೈಪಿನವರು, ವೈರಿಂಗಿನವರು, ಅವರ ಸಹಾಯಕರು, ಕ್ಯಾಬಿನ್ನು ಉಪ್ಪಿನಕಾಯಿ ಭರಣಿಯಂತೆ ತುಂಬಿತು. ವೆಂಗ್ ಮಾತು ಕೇಳುವವನಂತೆ ಮುಖ ಮಾಡಿಕೊಂಡು ಅಂಕಿಯನ್ನು ಕೇಳುತ್ತಿದ್ದ. ಆರುನೂರ ಎಂಬತ್ತು. ಸರಿ, ಇಷ್ಟು ಜನ ಇದ್ದಾರೆ. ಎಂಟುನೂರ ಐವತ್ತು. ಅದೂ ಸರಿ, ಮೋ ಒಬ್ಬರೇ ಇಬ್ಬರಷ್ಟು ಉಸಿರಾಡುತ್ತಾರೆ. ಸಾವಿರದ ಇಪ್ಪತ್ತು, ಹಳದಿ. ಇವತ್ತು ಚಾಂದ್ರಮಾನ ತಿಂಗಳ ಹದಿನಾರನೆಯ ದಿನ, ಭೂಮಿದೇವರ ಪೂಜೆ. ಹೊರಗೆ ಗಾಳಿಗೆ ಹತ್ತುವುದಿಲ್ಲವೆಂದು ಟಾಂಗ್ ಊದುಕಡ್ಡಿಯನ್ನು ಒಳಗೇ ಹಚ್ಚಿದ್ದರು. ವೆಂಗ್ ಬೆಳಿಗ್ಗೆ ಬೇಡವೆಂದಾಗ 'ದೇವ್ರಿಗೆ ಹೊಗೆ ಬೇಡ ಅನ್ನೋಕೆ ನೀನ್ಯಾರಯ್ಯಾ?' ಎಂದಿದ್ದರು. ಊದುಕಡ್ಡಿಯದೇ ಇರಬೇಕು. ಆದರೆ ಊದುಕಡ್ಡಿ ಉರಿದು ಮುಗಿದು ಎಷ್ಟೋ ಹೊತ್ತಾಗಿತ್ತು. ಸಾವಿರದ ಮುನ್ನೂರು. ಲಾನನ ಎಲೆಯಡಿಕೆಯೇ? ಎಲೆಯಡಿಕೆಗೂ ಉಸಿರಿಗೂ ಏನು ಸಂಬಂಧ? ಪೈಪಿನವನೊಬ್ಬ ಆಕಳಿಸಿದ. ಆಕಳಿಕೆ ಮೇಜಿನ ಸುತ್ತ ಒಬ್ಬರಿಂದ ಒಬ್ಬರಿಗೆ ದಾಟಿ, ಟಾಂಗ್ ಅವರ ಹತ್ತಿರ ಬಂದಾಗ ಅವರು ಅದನ್ನು ಹಲ್ಲುಕಚ್ಚಿ ಮೂಗಿನಿಂದ ಹೊರಗೆ ಬಿಟ್ಟರು. ಸಾವಿರದ ಏಳುನೂರು. ವೆಂಗನಿಗೆ ಮಾತ್ರ ಹುಟ್ಟಿದಾಗಿನಿಂದ ಇಷ್ಟು ಎಚ್ಚರವಾಗಿದ್ದ ನೆನಪಿಲ್ಲ. ಯಂತ್ರ ಓಡುತ್ತಿದೆ, ಆದರೆ ಅದರ ಗುನುಗು ಯಾಕೋ ಗಂಟಲು ಕಟ್ಟಿದವರ ದನಿಯಾಗಿದೆ. ತಿರುಗಿ ನೋಡಿದ.

ಪೊಟ್ಟಣ. ಮೆಲ್ಲಗೆ ಓಡುವಾಗ ಅಂದವಾಗಿ ತೂಗುತ್ತಿದ್ದದ್ದು ಪೂರ್ತಿ ವೇಗದ ಎಳೆತಕ್ಕೆ ಸಿಕ್ಕಿ ಜಾಲರಿಗೆ ಹೋಗಿ, ಹಾಲು ಕುಡಿಯುವ ಮಗುವಿನಂತೆ ಕಚ್ಚಿಕೊಂಡುಬಿಟ್ಟಿದೆ. ಜಾಲರಿ ಇದ್ದದ್ದೂ ಪೊಟ್ಟಣದಷ್ಟೇ ಅಗಲ. ಅಳೆದು ಹೊಲಿಸಿದಂತೆ ಕೂತಿದೆ. ಯಂತ್ರ ಉಸಿರುಗಟ್ಟಿ ಒದ್ದಾಡುತ್ತಿದೆ, ಅದನ್ನು ಕಾಯಲೆಂದು ಕಟ್ಟಿದ್ದೇ ಅದರ ಮೂಗು ಹಿಡಿದಿದೆ. ಕಟ್ಟಿದ್ದು ಯಾರು? ಟಾಂಗ್ ಅಲ್ಲ, ಆಜೂ ಅಕ್ಕ ಅಲ್ಲ, ಇದನ್ನೆಲ್ಲ ನಂಬದ ವೆಂಗ್. ಎದ್ದು ಕಿತ್ತುಹಾಕಬಹುದಿತ್ತು. ಆದರೆ ಓಡುತ್ತಿರುವ ಯಂತ್ರದ ಪೊಟ್ಟಣ ತೆಗೆಯಬಾರದು ಎಂದು ಮೈಯೊಳಗೆ ಎಲ್ಲೋ ಕೂತಿದ್ದ ಒಂದು ದನಿ ಹೇಳಿತು. ತೊಡೆಯ ಮೇಲಿದ್ದ ಕೈ ಮೇಲೇಳಲಿಲ್ಲ. ಇಷ್ಟು ಓದಿ, ಇಷ್ಟು ವರ್ಷ ಕೆಲಸ ಮಾಡಿ, ಕುರುಕಲು ಪೊಟ್ಟಣಕ್ಕೆ ಹೆದರುವ ತನ್ನ ಕೈಯನ್ನು ಅವನು ನಾಚಿಕೆಯಿಂದ ನೋಡಿಕೊಂಡ.

'ಎತ್ತರದಲ್ಲಿ ಕೆಲಸ ಮಾಡುವವರ ವಿಷಯದಲ್ಲಿ,' ಎನ್ನುತ್ತಿದ್ದರು ಮೋ, 'ಬಹಳ ಮುಖ್ಯವಾದದ್ದು ಏನಪ್ಪಾ ಅಂದ್ರೆ, ಅದು... ಎಚ್ಚ...' ಮಾತು ಅಲ್ಲಿಗೆ ನಿಂತಿತು. ಎಲ್ಲರೂ ಕಾದರು. ಮೋ ಅವರ ಗದ್ದ ಎದೆಯ ಮೇಲೆ ಇಳಿಯಿತು. ಬಾಯಿ ನಿಧಾನವಾಗಿ ತೆರೆದುಕೊಂಡಿತು. ಒಂದು ಸಣ್ಣ ಶಿಳ್ಳೆ, ಅದರ ಬೆನ್ನಿಗೆ ಭಾರದ ಮೇಜನ್ನು ನೆಲದ ಮೇಲೆ ಎಳೆದಂಥ ಗೊರಕೆ.

ಯಾರೂ ಉಸಿರಾಡಲಿಲ್ಲ. ಮಾಪಕಕ್ಕೆ ಅಷ್ಟರಮಟ್ಟಿಗೆ ಉಪಕಾರವಾಯಿತು. ಆಜೂ ಅಕ್ಕ ಚಹಾದ ತಟ್ಟೆಯ ಹಿಂದಿನಿಂದ ಬಗ್ಗಿ, 'ಬುದ್ಧಪ್ಪಾ, ತೆಗಿಯೋ ಫೋಟೋ! ನಿನ್ನದೇ ಮೊದಲ ಹಕ್ಕು' ಎಂದು ಪಿಸುಗುಟ್ಟಿದಳು.

'ತೆಗೀರಿ, ತೆಗೀರಿ. ನಾವು ಯಾರೂ ನೋಡಿಲ್ಲ,' ಎಂದ ಲಾನ್. ಅವನ ಫೋನು ಆಗಲೇ ಅರ್ಧ ಹೊರಗಿತ್ತು.

ವೆಂಗನ ಕೈ ಈಗ ಸಲೀಸಾಗಿ ಮೇಲೆದ್ದಿತು, ಫೋನಿನ ಸಮೇತ. ಮಾಪಕದಲ್ಲಿ ಎರಡು ಸಾವಿರದ ನೂರ ನಲವತ್ತು, ಕೆಂಪು ದೀಪ. ತೆರೆದ ಬಾಯಿ ಮತ್ತು ಕೆಂಪು ದೀಪ ಒಂದೇ ಚೌಕಟ್ಟಿನಲ್ಲಿ ಬರುತ್ತಿದ್ದವು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಕ್ಕೀತು? ಕಂಪನಿಯ ಗುಂಪಿಗೆ ಹಾಕಿದರೆ ಒಂದು ಅಕ್ಷರವನ್ನೂ ಬರೆಯಬೇಕಿಲ್ಲ. ಗುಂಡಿಯ ಮೇಲೆ ಬೆರಳಿಟ್ಟ. ಫೋನಿನ ಪುಟ್ಟ ಪರದೆಯಲ್ಲಿ ಮೋ ಚಿಕ್ಕವರಾಗಿ ಕಂಡರು. ಕತ್ತಿನ ಪಟ್ಟಿ ಬೆವರಿಗೆ ಒದ್ದೆಯಾಗಿತ್ತು. ಬೆರಳು ಇನ್ನೂ ಕಾಗದದ ಸಾಲೊಂದರ ಮೇಲಿತ್ತು, ಎದ್ದ ಮೇಲೆ ಎಲ್ಲಿ ಬಿಟ್ಟೆ ಎಂದು ಹುಡುಕಬಾರದಲ್ಲ ಎನ್ನುವಂತೆ. ತಾನೂ ಅವತ್ತು ಹೀಗೇ ಕಂಡಿದ್ದನೇನೋ. ನೀರಿಗಾಗಿ ಕಾಯುತ್ತ ಅಪ್ಪ ಕುರ್ಚಿಯ ಕಡೆ ಎಷ್ಟು ಹೊತ್ತು ನೋಡಿದ್ದನೋ. ಆಗ ಅಪ್ಪನಿಗೆ ಕಂಡದ್ದೂ ಇಂಥದೇ ತೆರೆದ ಬಾಯಿ ಇರಬೇಕು. ವೆಂಗನಿಗೆ ಇದ್ದಕ್ಕಿದ್ದಂತೆ ಅಳು ಬಂದ ಹಾಗಾಯಿತು, ಇಂಥ ಜಾಗದಲ್ಲಿ, ಗೊರಕೆ ಹೊಡೆಯುವ ಉಪವ್ಯವಸ್ಥಾಪಕರ ಮುಂದೆ.

'ಮಲಗಲಿ ಬಿಡಕ್ಕಾ,' ಎಂದ. 'ದಣಿದಿದ್ದಾರೆ.'

ಫೋನನ್ನು ಜೇಬಿಗಿಟ್ಟು ಎದ್ದ. ಗೋಡೆಗೆ ಆತುಕೊಂಡು ಒಬ್ಬೊಬ್ಬರ ಮಂಡಿ ದಾಟಿ ಯಂತ್ರದ ಹತ್ತಿರ ಹೋಗಿ ಪೊಟ್ಟಣಕ್ಕೆ ಕೈ ಹಾಕಿದ. ಟಾಂಗ್ ಅವರ ಕಣ್ಣು ಹೊರಗೆ ಬಂತು.

'ಏಯ್! ಮುಟ್ಟಬೇಡ! ಕ್ರೇನಲ್ಲಿ ಕಬ್ಬಿಣ ನೇತಾಡ್ತಿದೆ!'

'ಇದು ಈ ಯಂತ್ರದ ಪೊಟ್ಟಣ ಸಾರ್, ಕ್ರೇನಿಂದಲ್ಲ.'

'ಎಲ್ಲಾ ಒಂದೇ ಕರೆಂಟಲ್ವೇನಯ್ಯಾ!'

ಒಂದು ಕ್ಷಣ ವೆಂಗನಿಗೂ ಆ ಮಾತು ನ್ಯಾಯವಾಗಿಯೇ ಕಂಡಿತು. ಯಂತ್ರದ ಕಿವಿಯ ಹತ್ತಿರ, ಅಂದರೆ ಕಿವಿ ಇರಬಹುದಾದ ಜಾಗದ ಹತ್ತಿರ, ತಪ್ಪಾಯ್ತಪ್ಪಾ ಎಂದು ತುಟಿಯಲ್ಲೇ ಹೇಳಿ ಎಳೆದ. ಪೊಟ್ಟಣ ಚಪ್ಪರಿಸಿದ ಸದ್ದು ಮಾಡಿ ಕಳಚಿಕೊಂಡಿತು. ಯಂತ್ರ ಮುಳುಗಿ ಮೇಲೆದ್ದವನಂತೆ ದೊಡ್ಡದೊಂದು ಉಸಿರು ಎಳೆದುಕೊಂಡಿತು. ಕ್ರೇನು ಬೀಳಲಿಲ್ಲ. ಮೋ ಕಣ್ಣು ಬಿಟ್ಟರು.

'...ರ ಬಹಳ ಮುಖ್ಯ,' ಎಂದರು.

ಆಮೇಲೆ ಸುತ್ತ ನೋಡಿದರು. ಮುಖ ನಿಧಾನವಾಗಿ ಕೆಂಪಾಯಿತು. 'ಕಣ್ಣು ಮುಚ್ಚಿ ಯೋಚಿಸ್ತಿದ್ದೆ.'

'ಹೌದು ಸಾರ್,' ಎಂದರು ಟಾಂಗ್, 'ನೋಡಿದ್ರೇ ಗೊತ್ತಾಗ್ತಿತ್ತು. ಗಂಭೀರವಾದ ಯೋಚನೆ.'

'ಯೋಚನೆದು ಸದ್ದೂ ಬರ್ತಿತ್ತು ಸಾರ್,' ಎಂದ ಲಾನ್.

ಯಾರೂ ನಗಲಿಲ್ಲ. ಮೇಜಿನ ಸುತ್ತ ಇದ್ದ ಅಷ್ಟು ತಲೆಗಳೂ ಹೌದು ಹೌದು ಎಂದು ಆಡಿದವು. ತನ್ನ ಸಾಕ್ಷಿ ತನ್ನ ಕಣ್ಣೆದುರಿಗೇ ಆವಿಯಾಗುವುದನ್ನು ವೆಂಗ್ ನಿಂತು ನೋಡಿದ. ತಾನು ನಿದ್ದೆ ಹೋದರೆ ಗೊರಕೆ, ಅವರು ಹೋದರೆ ಯೋಚನೆ. ಫೋಟೋ ತೆಗೆದುಬಿಡಬೇಕಿತ್ತು. ಅಷ್ಟರಲ್ಲಿ ಮೋ ಮುಜುಗರದಿಂದ ಪಾರಾಗಲು ಏನಾದರೂ ಸಿಕ್ಕೀತೇ ಎಂದು ಹುಡುಕುತ್ತ, ಪಕ್ಕದಲ್ಲೇ ನಿಂತಿದ್ದ ವೆಂಗನ ಕೈಯನ್ನು ನೋಡಿದರು. 'ಏನು, ತಿಂಡಿ ಹಂಚ್ತಿದೀಯಾ? ಒಳ್ಳೇದಾಯ್ತು, ಬೆಳಿಗ್ಗೆ ಏನೂ ತಿಂದಿಲ್ಲ' ಎಂದು ಪೊಟ್ಟಣವನ್ನು ಕಿತ್ತುಕೊಂಡು, ಟರ್ರನೆ ಹರಿದು, ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡರು. ಆಜೂ ಅಕ್ಕ ಚೀರಿದ್ದನ್ನು ಕೈಯಿಂದ ಬಾಯೊಳಗೇ ಒತ್ತಿಕೊಂಡಳು. ಕುರುಕುರು ಸದ್ದು ಎರಡು ಸಲ ಕೇಳಿ ನಿಂತಿತು. ಮೋ ತಮ್ಮ ಬೆರಳಿಗೆ ಸುತ್ತಿಕೊಂಡಿದ್ದ ಕೆಂಪು ದಾರವನ್ನು ನೋಡಿದರು. ಅವರೂ ಸೈಟುಗಳಲ್ಲೇ ಕೂದಲು ಉದುರಿಸಿಕೊಂಡವರು.

'ಯಂತ್ರದ್ದಾ?' ಎಂದರು, ತುಂಬಿದ ಬಾಯಲ್ಲಿ.

'ಹೌದು ಸಾರ್.'

ಎಲ್ಲರೂ ಯಂತ್ರದ ಕಡೆ ತಿರುಗಿದರು. ಅದು ಓಡುತ್ತಿತ್ತು. ಮೊದಲಿಗಿಂತ ಚೆನ್ನಾಗಿಯೇ ಓಡುತ್ತಿತ್ತು. ಅಂಕಿ ಸಾವಿರದ ಒಂಬೈನೂರಕ್ಕೆ, ಸಾವಿರದ ಆರುನೂರಕ್ಕೆ ಇಳಿಯಿತು. ಮೋ ಬಾಯಲ್ಲಿದ್ದದ್ದನ್ನು ಉಗುಳುವುದೋ ನುಂಗುವುದೋ ತಿಳಿಯದೆ ಕೊನೆಗೆ ನುಂಗಿ, ಎದ್ದು, ಹರಿದ ಪೊಟ್ಟಣವನ್ನು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟು, ಯಂತ್ರಕ್ಕೆ ಸೊಂಟದವರೆಗೂ ಬಾಗಿದರು. ಅವರ ಜೊತೆ ಟಾಂಗ್ ಕೂಡ ಬಾಗಿದರು.

ಮೋ ಹೊರಡುವಾಗ ವೆಂಗ್ ಕಾರಿನವರೆಗೂ ಹೋದ. ಗಾಳಿ ಇಬ್ಬರ ಅಂಗಿಯನ್ನೂ ಊದಿಸಿತ್ತು. ಮೋ ಬಾಗಿಲು ಹಿಡಿದು ನಿಂತು, ಬೇರೆ ಎಲ್ಲೋ ನೋಡುತ್ತ, 'ಕೆಲಸದವರ ಕ್ಯಾಬಿನ್ನುಗಳಿಗೂ ಹಾಕ್ಸು. ತೈಪೆಯವರಿಗೆ ನಾನು ಹೇಳ್ತೀನಿ. ಪೊಟ್ಟಣ ಸ್ವಲ್ಪ ದೂರ ಕಟ್ಟು' ಎಂದರು.

'ಆಗ್ಲಿ ಸಾರ್.'

'ನನ್ನ ಕೋಣೆಗೂ ಒಂದು ಕಳಿಸು. ಅಲ್ಲಿ ಕಿಟಕಿ ತೆಗ್ಯೋಕಾಗಲ್ಲ. ಮಧ್ಯಾಹ್ನ ಆದ್ರೆ ಏನೋ ಒಂಥರಾ ಆಗುತ್ತೆ.'

'ಗಾಳಿ ಸಾರ್.'

'ಗಾಳೀನೇ ಅಂತೀಯಾ?'

'ಗಾಳೀನೇ ಸಾರ್.'

ಮೋ ಅವನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಟೋಪಿ ಹಾರಿತು. ಅದನ್ನು ಹಿಡಿಯಲು ಗೇಟಿನ ಕಾವಲುಗಾರ ಓಡಿದ. ಬುದ್ಧ ಎನ್ನುವ ಮಾತು ಮಾತ್ರ ಅವರ ಬಾಯಿಂದ ಮತ್ತೆ ಬರಲಿಲ್ಲ.

ಮಧ್ಯಾಹ್ನದ ಊಟ ಹಬ್ಬದಂತೆ ನಡೆಯಿತು. ಆಜೂ ಅಕ್ಕ ಅವನ ಡಬ್ಬಿಗೆ ಇನ್ನೊಂದು ಮೊಟ್ಟೆ ಹಾಕಿದಳು. 'ವೆಂಗ್ ಹೇಳಿದ್ದು ಸರಿ ಕಣ್ರೋ, ಗಾಳಿನೇ' ಎಂದು ಟಾಂಗ್ ಅವರೇ ಎಲ್ಲರಿಗೂ ಕೇಳಿಸುವಂತೆ ಅಂದರು. ವೆಂಗ್ ಎಂದು, ಹೆಸರು ಹಿಡಿದು. ಊಟದ ನಂತರ ಎಂದಿನಂತೆ ದೀಪ ಆರಿಸಿ ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ಮಲಗಿದರು. ಎಲ್ಲರೂ ಮಲಗಬೇಕಾದ ಆ ಹೊತ್ತಿನಲ್ಲಿ ವೆಂಗನಿಗೆ ಯಾವತ್ತೂ ನಿದ್ದೆ ಬರುವುದಿಲ್ಲ. ಕೆನ್ನೆಯನ್ನು ಮೇಜಿಗೆ ಒತ್ತಿಕೊಂಡು ಕಣ್ಣು ಬಿಟ್ಟುಕೊಂಡೇ ಇದ್ದ. ಎದುರಿಗೆ ಹಸಿರು ದೀಪ. ಐನೂರು. ನಾನೂರ ತೊಂಬತ್ತು. ಕೆಲಸಗಾರರ ಕ್ಯಾಬಿನ್ನುಗಳಲ್ಲಿ ಯಂತ್ರ ಎಲ್ಲೆಲ್ಲಿ ಕೂರಿಸಬೇಕು ಎಂದು ಯೋಚಿಸಿದ. ಇನ್ನು ಅವರ ಎದುರು ತಲೆಯೆತ್ತಿಕೊಂಡು ಓಡಾಡಬಹುದು. ಆ ವಾರ್ಡಿನ ಕಿಟಕಿಗಳನ್ನು ನೆನೆಸಿಕೊಂಡ. ಅವು ಖಂಡಿತ ತೆರೆಯುವಂಥವಾಗಿರಲಿಲ್ಲ. ಗಾಳಿಯದೇ ಅಪ್ಪಾ, ಎಂದು ಮನಸ್ಸಿನಲ್ಲೇ ಹೇಳಿದ. ದೀಪ ಹತ್ತಿತು, ಎಲ್ಲರೂ ಮುಖ ಉಜ್ಜಿಕೊಂಡು ಎದ್ದರು. ಮಧ್ಯಾಹ್ನದ ಸಣ್ಣ ಸಭೆ, ಲಾನ್ ಮತ್ತು ಪೈಪಿನವರು. ನಾಳೆಯ ಕೆಲಸದ ಅಪಾಯಗಳನ್ನು ಟಾಂಗ್ ಒಂದೊಂದಾಗಿ ಓದತೊಡಗಿದರು. ಐನೂರ ಇಪ್ಪತ್ತು, ಹಸಿರು. ಎಂಥ ಶುಭ್ರವಾದ ಗಾಳಿ ಎಂದುಕೊಂಡ ವೆಂಗ್. ಐನೂರ ಮೂವತ್ತು. ಬೆಟ್ಟದ ಕೆಳಗಿನ ಮನೆಗಳ ಅಂಗಳದಲ್ಲಿ ಪರ್ಸಿಮನ್ ಹಣ್ಣುಗಳು ಸಾಲು ಸಾಲಾಗಿ ಒಣಗುತ್ತಿರುವ ವಾಸನೆ ಕೂಡ ಬಂದ ಹಾಗಿದೆಯಲ್ಲ.

ಕಣ್ಣು ಬಿಟ್ಟಾಗ ಕ್ಯಾಬಿನ್ನಿನಲ್ಲಿ ಯಾರೂ ಇರಲಿಲ್ಲ. ಕುರ್ಚಿಗಳನ್ನು ಸದ್ದಾಗದಂತೆ ಎತ್ತಿ ಸರಿಸಿದ್ದರು. ಮೇಜಿನ ಮೇಲೆ ಕೆನ್ನೆಯ ಕೆಳಗೆ ಸ್ವಲ್ಪ ಒದ್ದೆಯಾಗಿತ್ತು. ಹೆಗಲ ಮೇಲೆ ಯಾರದೋ ಜಾಕೀಟು ಹೊದಿಸಿದ್ದರು, ಎಲೆಯಡಿಕೆಯ ವಾಸನೆಯದು. ಫೋನು ತೆಗೆದು ನೋಡಿದ. ಗುಂಪಿನಲ್ಲಿ ಯಾವ ಫೋಟೋವೂ ಇರಲಿಲ್ಲ. ಆಮೇಲೆ ಮಾಪಕದ ಕಡೆ ಕೈ ಚಾಚಿದವನು ಹಾಗೇ ತಡೆದ. ಯಾರೋ ಅದನ್ನು ಅಂಕಿಯೂ ದೀಪವೂ ಕಾಣದಂತೆ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದರು.

ಹೊರಗೆ ಆಜೂ ಅಕ್ಕ ಯಾರಿಗೋ, 'ಷ್, ಮೆಲ್ಲಗೆ' ಎನ್ನುತ್ತಿದ್ದಳು. ವೆಂಗ್ ಮಾಪಕವನ್ನು ತಿರುಗಿಸಲಿಲ್ಲ. ಜಾಕೀಟನ್ನು ಕತ್ತಿನವರೆಗೂ ಎಳೆದುಕೊಂಡು, ಮಾಪಕದ ಬಿಳಿ ಬೆನ್ನನ್ನು ನೋಡುತ್ತ ಸ್ವಲ್ಪ ಹೊತ್ತು ಕೂತ.